ಪಹಣಿ, ಜಕಾರ್ಡು, ಕರೆಂಟ್ ಬಿಲ್ಲು

ದೇವನಹಳ್ಳಿ ಕಡೆಯ ಒಂದು ಪಹಣಿಯಲ್ಲಿ ವಿಸ್ತೀರ್ಣ 2.20 ಎಂದಿದೆ ಎನ್ನಿ. ಊರಿನವರು ಅದನ್ನು ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಓದುತ್ತಾರೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ಜಮೀನು ನೋಡಲು ಪಟ್ಟಣದಿಂದ ಬಂದವರು ಅದೇ 2.20ನ್ನು ಮೊಬೈಲಿನ ಕ್ಯಾಲ್ಕುಲೇಟರಿಗೆ ಹಾಕಿ, ಎಕರೆಗೆ 43,560 ಚದರಡಿಯಂತೆ ಗುಣಿಸಿದರೆ 95,832 ಬರುತ್ತದೆ. ಸರಿಯಾದ ಲೆಕ್ಕ 1,08,900. ನಡುವಿನ 13,068 ಚದರಡಿ, ಅಂದರೆ ಬರೋಬ್ಬರಿ ಹನ್ನೆರಡು ಗುಂಟೆ, ಒಂದು ಚುಕ್ಕಿಯ ಸಂದಿಯಲ್ಲಿ ಬಿದ್ದುಹೋಯಿತು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಸೀಮೆಯಲ್ಲಿ ಹನ್ನೆರಡು ಗುಂಟೆಯ ಬೆಲೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಲ್ಕುಲೇಟರ್ ಕೆಟ್ಟಿಲ್ಲ, ಪಹಣಿಯಲ್ಲೂ ತಪ್ಪಿಲ್ಲ. ಚುಕ್ಕಿಯ ಎಡಕ್ಕಿರುವುದನ್ನು 40ರಿಂದ ಗುಣಿಸಿ ಬಲಕ್ಕಿರುವುದನ್ನು ಕೂಡಿಸು ಎಂಬುದು ಪಹಣಿಯ ನಿಯಮ. ಬಲಕ್ಕಿರುವುದು ನೂರನೆಯ ಪಾಲು ಎಂಬುದು ಕ್ಯಾಲ್ಕುಲೇಟರಿನ ನಿಯಮ. ಒಳಗೆ ಹೋದ ಅಂಕಿ ಒಂದೇ, ಕೆಲಸ ಮಾಡಿದ ನಿಯಮ ಬೇರೆ. ಬೀಜಗಣಿತದಲ್ಲಿ ಹೀಗೆ ಕೆಲಸ ಮಾಡುವ ನಿಯಮಕ್ಕೆ ಫಂಕ್ಷನ್ ಎನ್ನುತ್ತಾರೆ. ಪಿಯುಸಿ ಮೊದಲ ವರ್ಷದ ಎರಡನೆಯ ಪಾಠದಲ್ಲಿ ಅದು ಬರುತ್ತದೆ, ಮತ್ತು ಬಹಳ ಮಕ್ಕಳಿಗೆ ಗಣಿತ ಕೈಬಿಟ್ಟು ಹೋಗುವುದೂ ಅಲ್ಲಿಂದಲೇ. ಎಸ್‌ಎಸ್‌ಎಲ್‌ಸಿವರೆಗೆ ಸಂಖ್ಯೆಗಳನ್ನು ಕೂಡಿ ಕಳೆದು ಅಭ್ಯಾಸವಾದವರಿಗೆ ಇದ್ದಕ್ಕಿದ್ದಂತೆ ನಿಯಮಗಳನ್ನೇ ಕೂಡಿ, ಕಳೆಯಿರಿ, ಗುಣಿಸಿ, ಭಾಗಿಸಿ ಎನ್ನುತ್ತಾರೆ. ನಿಯಮವನ್ನು ಕೂಡುವುದು ಹೇಗೆ, ಯಾಕೆ ಎಂಬುದನ್ನು ಪುಸ್ತಕ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತದೆ. ನನಗೆ ಕೇಳಿದರೆ ಆ ಎರಡು ಸಾಲಿನ ಜಾಗದಲ್ಲೇ ಹತ್ತು ದಿನ ನಿಲ್ಲಬೇಕು.

ಮೊದಲು ಫಂಕ್ಷನ್ ಎಂದರೇನು ಎಂಬುದನ್ನು ಗಟ್ಟಿ ಮಾಡಿಕೊಳ್ಳೋಣ. ಒಳಗೆ ಏನು ಹಾಕಬಹುದು ಎಂಬ ಒಂದು ಗುಂಪು ಇರಬೇಕು. ಆ ಗುಂಪಿನ ಪ್ರತಿಯೊಂದಕ್ಕೂ ಉತ್ತರ ಇರಬೇಕು. ಒಂದಕ್ಕೆ ಒಂದೇ ಉತ್ತರ ಇರಬೇಕು. ಇಷ್ಟೇ ಷರತ್ತು. ಪಹಣಿಯ ನಿಯಮಕ್ಕೆ 2.20 ಹಾಕಬಹುದು, 2.39 ಹಾಕಬಹುದು. 2.45 ಹಾಕುವಂತಿಲ್ಲ, ಗುಂಟೆ ನಲವತ್ತಕ್ಕೆ ಬಂದ ಕೂಡಲೇ ಎಕರೆಯಾಗಿಬಿಡುತ್ತದೆ. ಕ್ಯಾಲ್ಕುಲೇಟರಿನ ನಿಯಮ 2.45ಕ್ಕೆ ಹಲ್ಲು ಕಿರಿಯದೆ ಉತ್ತರ ಕೊಡುತ್ತದೆ. ಒಳಗೆ ಹಾಕಬಹುದಾದವುಗಳ ಈ ಗುಂಪಿಗೆ ಡೊಮೇನ್ ಎಂದು ಹೆಸರು. ಡೊಮೇನ್ ಬದಲಾದರೆ ಫಂಕ್ಷನ್ನೂ ಬದಲಾಯಿತೆಂದೇ ಲೆಕ್ಕ.

ಒಂದಕ್ಕೆ ಒಂದೇ ಉತ್ತರ ಎಂಬ ಷರತ್ತಿನ ತೂಕ ನಾಡಕಚೇರಿಯ ಕಿಟಕಿಯ ಮುಂದೆ ನಿಂತವರಿಗೆ ಚೆನ್ನಾಗಿ ಗೊತ್ತು. ಗ್ರಾಮ, ಸರ್ವೆ ನಂಬರು, ಹಿಸ್ಸಾ ಮೂರನ್ನೂ ಕೊಟ್ಟರೆ ಒಂದು ವಿಸ್ತೀರ್ಣ ಬರುತ್ತದೆ. ಅದು ಫಂಕ್ಷನ್. ಹೆಸರು ಕೊಟ್ಟು ಸರ್ವೆ ನಂಬರು ಕೇಳಿದರೆ? ಒಬ್ಬರ ಹೆಸರಿನಲ್ಲಿ ಮೂರು ಕಡೆ ಜಮೀನಿರಬಹುದು, ಒಂದೇ ಊರಿನಲ್ಲಿ ಅದೇ ಹೆಸರಿನ ಮೂವರು ಇರಬಹುದು. ಸರ್ವೆ ನಂಬರು ಕೊಟ್ಟು ಮಾಲೀಕರ ಹೆಸರು ಕೇಳಿದರೂ ಜಂಟಿ ಖಾತೆಯಾಗಿದ್ದರೆ ಅಣ್ಣತಮ್ಮಂದಿರ ಸಾಲೇ ಬಂದೀತು. ಇವೆರಡೂ ಸಂಬಂಧಗಳು ಹೌದು, ಫಂಕ್ಷನ್ ಅಲ್ಲ. ಪಿಯುಸಿಯ ಆ ಪಾಠಕ್ಕೆ ಸಂಬಂಧಗಳು ಮತ್ತು ಫಂಕ್ಷನ್‌ಗಳು ಎಂದು ಜೋಡಿ ಹೆಸರಿಟ್ಟಿರುವುದು ಅದಕ್ಕೇ. ಸಂಬಂಧಗಳ ದೊಡ್ಡ ಸಂತೆಯಲ್ಲಿ ಫಂಕ್ಷನ್ ಎಂಬುದು ಶಿಸ್ತಿನ ಒಂದು ಸಣ್ಣ ಸಾಲು. ಪೋಡಿ ಮಾಡಿಸಿ ಹಿಸ್ಸಾ ಬೇರೆಯಾದಾಗ ಸರ್ವೆ ನಂಬರಿನಿಂದ ಮಾಲೀಕರಿಗೆ ಹೋಗುವ ದಾರಿಯೂ ಫಂಕ್ಷನ್ ಆಗುವ ಕಡೆಗೆ ಒಂದು ಹೆಜ್ಜೆ ಇಡುತ್ತದೆ. ಕಂದಾಯ ಇಲಾಖೆ ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ, ಅಷ್ಟೇ.

ಬರೆಯುವ ರೀತಿಯ ಬಗ್ಗೆ ಒಂದು ಮಾತು. ತರಗತಿಯಲ್ಲಿ ಎಫ್ ಆಫ್ ಎಕ್ಸ್ ಎನ್ನುವ ಬರಹವನ್ನು ಗಣಿತಜ್ಞ ಆಯ್ಲರ್ 1734ರಲ್ಲಿ ಬಳಕೆಗೆ ತಂದ. ಎಫ್ ಎಂಬುದು ನಿಯಮದ ಹೆಸರು, ಕಂಸದೊಳಗಿನದು ಒಳಗೆ ಹಾಕುವ ವಸ್ತು. ಮಕ್ಕಳು ಅದನ್ನು ಎಫ್ ಗುಣಿಸು ಎಕ್ಸ್ ಎಂದು ಓದಿಕೊಳ್ಳುತ್ತಾರೆ, ಯಾಕೆಂದರೆ ಹಿಂದಿನ ವರ್ಷದವರೆಗೂ ಕಂಸದ ಪಕ್ಕ ಅಕ್ಷರ ಬಂದರೆ ಗುಣಿಸು ಎಂದೇ ಕಲಿಸಿದ್ದೇವೆ. ತಪ್ಪು ಮಕ್ಕಳದಲ್ಲ. ಬ್ರಹ್ಮಗುಪ್ತ, ಭಾಸ್ಕರರ ಪರಂಪರೆಯಲ್ಲಿ ಗೊತ್ತಿಲ್ಲದ ಬೆಲೆಗೆ ಯಾವತ್ತಾವತ್ ಎಂಬುದರ ಮೊದಲಕ್ಷರ ‘ಯಾ’ ಬರೆಯುತ್ತಿದ್ದರು, ಎರಡನೆಯದು ಬೇಕಾದರೆ ಕಾಳಕದ ‘ಕಾ’, ಮೂರನೆಯದಕ್ಕೆ ನೀಲಕದ ‘ನೀ’. ಈ ಅಂಕಣದಲ್ಲಿ ನಾನೂ ಯಾ ಎಂದೇ ಬರೆಯುತ್ತೇನೆ. ಗುಂಟೆಯನ್ನು ಚದರಡಿಗೆ ತಿರುಗಿಸುವ ನಿಯಮಕ್ಕೆ ಗು ಎಂದು ಹೆಸರಿಟ್ಟರೆ

ಗು(ಯಾ) = 1089 × ಯಾ.

33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆಯಾದ್ದರಿಂದ 1089. ಒಂದು ಸಂಖ್ಯೆಯಿಂದ ಬರೀ ಗುಣಿಸುವ ಈ ಜಾತಿಯ ಫಂಕ್ಷನ್ ನಮ್ಮ ನೆಲಕ್ಕೆ ಬಹಳ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಅದು ತ್ರೈರಾಶಿಕ. 12ನೇ ಶತಮಾನದ ರಾಜಾದಿತ್ಯ ವ್ಯವಹಾರ ಗಣಿತವನ್ನು ಕನ್ನಡದಲ್ಲೇ ಬರೆದ. ಪ್ರಮಾಣ, ಫಲ, ಇಚ್ಛೆ ಮೂರು ಗೊತ್ತಿದ್ದರೆ ಇಚ್ಛೆಯ ಫಲ ಹೊರಬರುತ್ತದೆ. ಮೂರು ಕಿಲೋಗೆ ಇಷ್ಟಾದರೆ ಏಳು ಕಿಲೋಗೆ ಎಷ್ಟು ಎಂದು ಕೇಳುವ ಪ್ರತಿಯೊಬ್ಬರೂ ಆ ಫಂಕ್ಷನ್ನನ್ನು ಓಡಿಸುತ್ತಿದ್ದಾರೆ.

ಆದರೆ ಸೂತ್ರ ಇದ್ದರೆ ಮಾತ್ರ ಫಂಕ್ಷನ್ ಎಂದುಕೊಂಡರೆ ಕೆಟ್ಟಿರಿ. ಇದನ್ನು ಒಪ್ಪಿಕೊಳ್ಳಲು ಯುರೋಪಿನ ಗಣಿತಜ್ಞರಿಗೇ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆಯ್ಲರನಿಗೆ ಫಂಕ್ಷನ್ ಎಂದರೆ ಮೊದಮೊದಲು ಬರೆಯಬಹುದಾದ ಒಂದು ಅಭಿವ್ಯಕ್ತಿ. 1837ರಲ್ಲಿ ಡಿರಿಕ್ಲೆ ಬಂದು, ಉತ್ತರ ಹೇಗೆ ಸಿಕ್ಕಿತು ಎಂಬುದು ಮುಖ್ಯವಲ್ಲ, ಪ್ರತಿ ಬೆಲೆಗೂ ಒಂದು ಉತ್ತರ ನಿಗದಿಯಾಗಿದ್ದರೆ ಸಾಕು ಎಂಬ ಅರ್ಥ ಬರುವಂತೆ ಹೇಳಿದ. ಸೂತ್ರವೇ ಇಲ್ಲದ ಫಂಕ್ಷನ್ ಕಣ್ಣಾರೆ ನೋಡಬೇಕೆಂದರೆ ದೊಡ್ಡಬಳ್ಳಾಪುರಕ್ಕೆ ಹೋಗಬೇಕು.

ಅಲ್ಲಿನ ಬೀದಿಗಳಲ್ಲಿ ಪವರ್‌ಲೂಮಿನ ಸದ್ದಿಗೆ ಮಾತು ಕೇಳಿಸುವುದಿಲ್ಲ. ಮಗ್ಗದ ತಲೆಯ ಮೇಲೆ ಕೂತಿರುವುದು ಜಕಾರ್ಡು. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ 1804ರಲ್ಲಿ ಮಾಡಿದ ಯಂತ್ರದ ವಂಶದ್ದು. ಅದರಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಸಾಲಾಗಿ ಹೊಲಿದು ಮಾಲೆ ಮಾಡಿರುತ್ತಾರೆ. ಲಾಳಿ ಒಂದು ಸಲ ಅಡ್ಡ ಹಾಯುವಾಗ ಒಂದು ಕಾರ್ಡು ಮುಂದೆ ಬರುತ್ತದೆ. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ, ನಡುವೆ ಹೊಕ್ಕು ಓಡುತ್ತದೆ. ಮುಂದಿನ ಹೊಕ್ಕಿಗೆ ಮುಂದಿನ ಕಾರ್ಡು. ಹೀಗೆ ಬುಟ್ಟಾ ಮೂಡುತ್ತದೆ, ಮಾವಿನಕಾಯಿ ಮೂಡುತ್ತದೆ, ಸೆರಗಿನಲ್ಲಿ ನವಿಲು ಮೂಡುತ್ತದೆ.

ಈಗ ಗಣಿತದ ಕಣ್ಣಿನಿಂದ ನೋಡಿ. ಒಳಗೆ ಹೋಗುವುದು ಹೊಕ್ಕಿನ ಕ್ರಮಸಂಖ್ಯೆ: ಒಂದನೆಯದು, ಎರಡನೆಯದು, ಎಪ್ಪತ್ತನೆಯದು. ಹೊರಬರುವುದು ಯಾವ ಯಾವ ಎಳೆ ಏಳಬೇಕು ಎಂಬ ಪಟ್ಟಿ. ಎಪ್ಪತ್ತನೆಯ ಹೊಕ್ಕಿಗೆ ಒಂದೇ ಕಾರ್ಡು, ಹಾಗಾಗಿ ಒಂದೇ ಉತ್ತರ. ಡಿರಿಕ್ಲೆಯ ಷರತ್ತು ಪೂರ್ತಿ ಪಾಲನೆಯಾಯಿತು. ನವಿಲಿನ ಕತ್ತಿನ ಬಾಗಿಗೆ ಸೂತ್ರ ಕೇಳಿದರೆ ಯಾವ ಕಾರ್ಡು ಹೊಡೆಯುವವರೂ ನಕ್ಕುಬಿಟ್ಟಾರು. ಅವರು ಗೆರೆಕಾಗದದ ಮೇಲೆ ನಕಾಶೆ ಬರೆದು ಚೌಕ ಚೌಕವಾಗಿ ಇಲ್ಲಿ ತೂತು, ಇಲ್ಲಿ ಇಲ್ಲ ಎಂದು ನಿರ್ಧರಿಸುತ್ತಾರೆ. ಈಗ ಎಲೆಕ್ಟ್ರಾನಿಕ್ ಜಕಾರ್ಡು ಬಂದ ಕಡೆ ರಟ್ಟಿನ ಬದಲು ಕಂಪ್ಯೂಟರ್ ಫೈಲು. ಫಂಕ್ಷನ್ ಅದೇ, ಬರೆದಿಟ್ಟ ಜಾಗ ಬೇರೆ.

ಇನ್ನೂ ಒಂದು ಸೊಗಸಿದೆ. ಕಾರ್ಡಿನ ಮಾಲೆಯ ಎರಡು ತುದಿಗಳನ್ನು ಸೇರಿಸಿ ಹೊಲಿದಿರುತ್ತಾರೆ. 120 ಕಾರ್ಡು ಇದ್ದರೆ 121ನೆಯ ಹೊಕ್ಕಿಗೆ ಮತ್ತೆ ಮೊದಲನೆಯ ಕಾರ್ಡು, 122ಕ್ಕೆ ಎರಡನೆಯದು. ಹಾಗಾಗಿ ಈ ಕಾರ್ಡಿನ ನಿಯಮಕ್ಕೆ ಕಾ ಎಂದು ಹೆಸರಿಟ್ಟರೆ ಕಾ(ಯಾ + 120) = ಕಾ(ಯಾ). ಸೀರೆಯ ಮೈಯುದ್ದಕ್ಕೂ ಅದೇ ಬುಟ್ಟಾ ಮರುಕಳಿಸುವುದು ಇದರಿಂದ. ಗಣಿತದಲ್ಲಿ ಇಂಥದಕ್ಕೆ ಆವರ್ತಕ ಫಂಕ್ಷನ್ ಎನ್ನುತ್ತಾರೆ. ತ್ರಿಕೋನಮಿತಿಯ ಸೈನ್, ಕೊಸೈನ್‌ಗಳನ್ನು ಅಂಜಿಕೊಂಡು ಕಂಠಪಾಠ ಮಾಡುವ ಹುಡುಗ ದೊಡ್ಡಬಳ್ಳಾಪುರದವನಾದರೆ, 360 ಡಿಗ್ರಿ ಕಳೆದ ಮೇಲೆ ಬೆಲೆಗಳು ಯಾಕೆ ಮರಳಿ ಬರುತ್ತವೆ ಎಂಬುದನ್ನು ಮನೆಯ ಮಗ್ಗದ ಕೆಳಗೇ ಆಡಿಕೊಂಡು ಬೆಳೆದಿರುತ್ತಾನೆ. ಹಾಗೆಂದು ಅವನಿಗೆ ಹೇಳಿದವರು ಕಡಿಮೆ.

ಇನ್ನು ನಿಯಮಗಳ ಮೇಲಿನ ಲೆಕ್ಕಕ್ಕೆ ಬರೋಣ. ಮಗ್ಗದ ಮನೆಯಲ್ಲೇ ಇರೋಣ, ಅಂಕಿಗಳನ್ನು ಮಾತ್ರ ಲೆಕ್ಕದ ಅನುಕೂಲಕ್ಕೆ ನಾನೇ ಇಟ್ಟುಕೊಂಡಿದ್ದೇನೆ. ತಿಂಗಳಿಗೆ ಬಾಡಿಗೆ, ಸಾಲದ ಕಂತು ಸೇರಿ 18,000 ರೂಪಾಯಿ, ಸೀರೆ ನೇಯಲಿ ಬಿಡಲಿ, ಹೋಗಿಯೇ ಹೋಗುತ್ತದೆ. ನೂಲು, ಕೂಲಿ, ಕರೆಂಟು ಸೇರಿ ಸೀರೆಗೆ 900. ತಿಂಗಳಿಗೆ ಯಾ ಸೀರೆ ನೇಯ್ದರೆ ಖರ್ಚಿನ ಫಂಕ್ಷನ್

ಖ(ಯಾ) = 18,000 + 900 × ಯಾ.

ಇದೇ ಈಗಾಗಲೇ ಎರಡು ಫಂಕ್ಷನ್‌ಗಳ ಮೊತ್ತ. ಒಂದು, ಏನೇ ಹಾಕಿದರೂ 18,000 ಎನ್ನುವ ಮೊಂಡು ಫಂಕ್ಷನ್. ಇನ್ನೊಂದು 900ರಿಂದ ಗುಣಿಸುವ ತ್ರೈರಾಶಿಕ. ಕೂಡುವುದು ಎಂದರೆ ಇಷ್ಟೇ: ಎರಡಕ್ಕೂ ಒಂದೇ ಯಾ ಕೊಡು, ಎರಡರ ಉತ್ತರಗಳನ್ನು ಕೂಡು. ಎರಡೂ ಉತ್ತರ ಕೊಡಬಲ್ಲ ಕಡೆ ಮಾತ್ರ ಮೊತ್ತಕ್ಕೆ ಅರ್ಥ. ಹತ್ತು ಸೀರೆಗೆ ಖರ್ಚು 27,000, ಇಪ್ಪತ್ತಕ್ಕೆ 36,000. ಹತ್ತರದ್ದನ್ನು ಎರಡು ಸಲ ಬರೆದು 54,000 ಎಂದರೆ ಬಾಡಿಗೆಯನ್ನು ಎರಡು ಸಲ ಕಟ್ಟಿದಂತಾಯಿತು. ಪರೀಕ್ಷೆಯಲ್ಲಿ ಎಫ್ ಆಫ್ ಎ ಪ್ಲಸ್ ಬಿ ಎಂದರೆ ಎಫ್ ಆಫ್ ಎ ಪ್ಲಸ್ ಎಫ್ ಆಫ್ ಬಿ ಎಂದು ಬರೆದು ಅಂಕ ಕಳೆದುಕೊಳ್ಳುವವರಿಗೆ ಈ ಬಾಡಿಗೆಯ ಲೆಕ್ಕ ಸಾಕು.

ಸೀರೆ 1,200ಕ್ಕೆ ಮಾರಿದರೆ ವರಮಾನ ವ(ಯಾ) = 1,200 × ಯಾ. ವರಮಾನದಿಂದ ಖರ್ಚು ಕಳೆದರೆ ಲಾಭ, ಲಾ(ಯಾ) = 300 × ಯಾ − 18,000. ಅರವತ್ತು ಸೀರೆಗೆ ಸೊನ್ನೆ, ಅಲ್ಲಿಂದಾಚೆಗೆ ಲಾಭ. ಒಂದೊಂದು ತಿಂಗಳಿಗೂ ವರಮಾನ ಬೇರೆ, ಖರ್ಚು ಬೇರೆ ಬರೆದು ಕಳೆಯುತ್ತ ಕೂರಬಹುದು. ಹಾಗಲ್ಲದೆ ನಿಯಮದಿಂದಲೇ ನಿಯಮವನ್ನು ಕಳೆದುಬಿಟ್ಟರೆ ಎಲ್ಲ ತಿಂಗಳುಗಳ ಲೆಕ್ಕವೂ ಒಂದೇ ಏಟಿಗೆ ಮುಗಿಯಿತು. ನಿಯಮಗಳನ್ನು ಕೂಡಿ ಕಳೆಯುವ ಉಸಾಬರಿ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇದೇ.

ಭಾಗಾಕಾರ ಬೇಕಾಗುವುದು ಸೀರೆಯೊಂದಕ್ಕೆ ಸರಾಸರಿ ಎಷ್ಟು ಬಿತ್ತು ಎಂದು ನೋಡಲು: 18,000 ÷ ಯಾ + 900. ಹತ್ತು ಸೀರೆಗೆ 2,700, ನೂರಕ್ಕೆ 1,080. ಎಷ್ಟು ನೇಯ್ದರೂ 900ಕ್ಕಿಂತ ಮೇಲೇ. ಯಾ ಸೊನ್ನೆಯಾದ ತಿಂಗಳು ಈ ಪ್ರಶ್ನೆಯನ್ನು ಕೇಳುವಂತಿಲ್ಲ. ನೇಯದ ಸೀರೆಗೆ ಸರಾಸರಿ ಬೆಲೆ ಎಲ್ಲಿಂದ ಬರಬೇಕು? ಛೇದ ಸೊನ್ನೆಯಾಗಬಾರದು ಎಂದು ಪುಸ್ತಕ ಸಣ್ಣ ಅಕ್ಷರದಲ್ಲಿ ಹಾಕುವ ಎಚ್ಚರಿಕೆ ಇದೇ.

ಗುಣಾಕಾರ ಹೆಚ್ಚು ರಸವತ್ತಾದದ್ದು. ಬೆಲೆ ಏರಿಸಿದರೆ ಗಿರಾಕಿ ಇಳಿಯುತ್ತಾರೆ. ಈ ಸಲ ಬೆಲೆಯೇ ಯಾ ರೂಪಾಯಿಯಾದರೆ ತಿಂಗಳಿಗೆ 200 − ಯಾ ÷ 10 ಸೀರೆ ಮಾರಾಟವಾಗುತ್ತದೆ ಎಂದಿಟ್ಟುಕೊಳ್ಳಿ. 1,200ಕ್ಕೆ ಎಂಬತ್ತು ಸೀರೆ. ಬೆಲೆಯೂ ಬೆಲೆಯ ಫಂಕ್ಷನ್, ಮಾರಾಟವೂ ಬೆಲೆಯ ಫಂಕ್ಷನ್. ಎರಡನ್ನೂ ಗುಣಿಸಿದರೆ ವರಮಾನ: 200 × ಯಾ − ಯಾ² ÷ 10. ಎರಡು ನೇರಗೆರೆಗಳ ಗುಣಲಬ್ಧ ಬಾಗಿದ ಕಮಾನಾಯಿತು, ಹತ್ತನೇ ತರಗತಿಯ ವರ್ಗ ಸಮೀಕರಣ ಹಾಜರಾಯಿತು. ಕಮಾನಿನ ನೆತ್ತಿ ಇರುವುದು 1,000 ರೂಪಾಯಿಯಲ್ಲಿ. ಆಗ ನೂರು ಸೀರೆ, ಒಂದು ಲಕ್ಷ ವರಮಾನ. ಇದಕ್ಕಿಂತ ಹೆಚ್ಚು ದುಡ್ಡು ಯಾವ ಬೆಲೆಗೂ ಬರುವುದಿಲ್ಲ.

ಹಾಗಾದರೆ ಸಾವಿರಕ್ಕೇ ಮಾರೋಣವೇ? ಖರ್ಚು ಹಾಕಿ ನೋಡಿ: ನೂರು ಸೀರೆಗೆ 1,08,000. ಅತಿ ಹೆಚ್ಚು ವರಮಾನದ ತಿಂಗಳಲ್ಲಿ ಎಂಟು ಸಾವಿರ ನಷ್ಟ. ಲಾಭದ ಫಂಕ್ಷನ್ ಬೇರೆಯೇ ಕಮಾನು, ಅದರ ನೆತ್ತಿ 1,450ರಲ್ಲಿದೆ. ಆಗ ಮಾರುವುದು 55 ಸೀರೆ, ಉಳಿಯುವುದು 12,250. ವ್ಯಾಪಾರ ಜೋರು ಎಂಬ ಮಾತಿಗೂ ಕೈಯಲ್ಲಿ ಏನು ಉಳಿಯಿತು ಎಂಬುದಕ್ಕೂ ಇಷ್ಟು ಅಂತರ. ಯಾವ ಫಂಕ್ಷನ್ನಿನ ನೆತ್ತಿಯನ್ನು ಹುಡುಕುತ್ತಿದ್ದೇವೆ ಎಂದು ಮೊದಲೇ ತೀರ್ಮಾನಿಸದೆ ಬೆಲೆ ಕಟ್ಟಿದರೆ ಮಗ್ಗ ಓಡಿದಷ್ಟೂ ನಷ್ಟ.

ಇಲ್ಲಿಯವರೆಗಿನ ನಾಲ್ಕು ಕ್ರಿಯೆಗಳು ಸಂಖ್ಯೆಗಳಿಗೂ ಇದ್ದವೇ. ಐದನೆಯದು ಫಂಕ್ಷನ್‌ಗಳಿಗೇ ಮೀಸಲು: ಒಂದರ ಉತ್ತರವನ್ನು ಇನ್ನೊಂದರ ಬಾಯಿಗೆ ಹಾಕುವುದು. ಇದಕ್ಕೆ ಸಂಯೋಜನೆ ಎನ್ನುತ್ತಾರೆ. ಹೊಸಕೋಟೆ, ನೆಲಮಂಗಲ ಸುತ್ತಿನ ಲೇಔಟಿನವರು ಸಂಯೋಜನೆಯಲ್ಲೇ ಬದುಕುತ್ತಾರೆ. ಎಕರೆಯನ್ನು ಚದರಡಿ ಮಾಡು. ರಸ್ತೆ, ಪಾರ್ಕು ಬಿಟ್ಟು ಮಾರಬಹುದಾದ ಪಾಲು ತೆಗೆ, ನೂರಕ್ಕೆ 55 ಎನ್ನೋಣ. ಅದನ್ನು 30–40ರ ಸೈಟಿಗೆ 1,200 ಚದರಡಿಯಂತೆ ಭಾಗಿಸಿ, ಬಂದದ್ದರಲ್ಲಿ ಪೂರ್ಣಾಂಕ ಮಾತ್ರ ಉಳಿಸಿಕೋ, ಮುಕ್ಕಾಲು ಸೈಟು ಮಾರಲಾಗದು. ನಾಲ್ಕು ಫಂಕ್ಷನ್‌ಗಳು ಸಾಲಾಗಿ. ಒಂದು ಎಕರೆಗೆ 43,560, ಆಮೇಲೆ 23,958, ಆಮೇಲೆ 19.965, ಕೊನೆಗೆ 19. ಕೂದಲೆಳೆಯಲ್ಲಿ ಇಪ್ಪತ್ತನೆಯ ಸೈಟು ತಪ್ಪಿತು.

ಎಕರೆಗೆ ಹತ್ತೊಂಬತ್ತು ಎಂದು ಬಾಯಿಲೆಕ್ಕ ಇಟ್ಟುಕೊಂಡವರು ಎರಡೂವರೆ ಎಕರೆಗೆ 47 ಸೈಟು ಎನ್ನುತ್ತಾರೆ. ಸಾಲಿನಲ್ಲಿ ಸರಿಯಾಗಿ ಹೋದರೆ 1,08,900, ನಂತರ 59,895, ನಂತರ 49.91, ಅಂದರೆ 49. ಪೂರ್ಣಾಂಕ ಮಾಡುವ ಕ್ರಿಯೆಯನ್ನು ಮೊದಲೇ ಮಾಡಿಬಿಟ್ಟದ್ದಕ್ಕೆ ಎರಡು ಸೈಟು ದಂಡ. ನಿಜವಾದ ನಕ್ಷೆಯಲ್ಲಿ ಮೂಲೆ ಸೈಟು, ಸೊಟ್ಟ ಗಡಿ, ಖರಾಬು ಎಲ್ಲ ಸೇರಿ ಇದೂ ಹೀಗೆಯೇ ಬರುವುದಿಲ್ಲ, ಆ ಮಾತು ಬೇರೆ. ಸಂಯೋಜನೆಯಲ್ಲಿ ಕ್ರಮ ಮುಖ್ಯ ಎಂಬುದಂತೂ ಬದಲಾಗುವುದಿಲ್ಲ. ಸಂಖ್ಯೆಗಳಲ್ಲಿ ಐದು ಮೂರಲಿಯೂ ಹದಿನೈದು, ಮೂರು ಐದಲಿಯೂ ಹದಿನೈದು. ಫಂಕ್ಷನ್‌ಗಳಲ್ಲಿ ಆ ಭರವಸೆ ಇಲ್ಲ.

ಸೀರೆ ಅಂಗಡಿಯಲ್ಲಿ ಇದನ್ನು ಇನ್ನೂ ಸುಲಭವಾಗಿ ಪರೀಕ್ಷಿಸಬಹುದು. 4,000 ರೂಪಾಯಿಯ ಸೀರೆಗೆ ನೂರಕ್ಕೆ ಹತ್ತು ರಿಯಾಯಿತಿ, ನೂರಕ್ಕೆ ಐದು ಜಿಎಸ್‌ಟಿ. ಯಾವುದನ್ನು ಮೊದಲು ಮಾಡಿದರೂ 3,780. ಎರಡೂ ಗುಣಾಕಾರವಾದ್ದರಿಂದ ಹಿಂದುಮುಂದಾದರೂ ನಡೆಯುತ್ತದೆ. ರಿಯಾಯಿತಿ ನೂರಕ್ಕಿಷ್ಟು ಎಂಬುದರ ಬದಲು ಸೀದಾ 200 ರೂಪಾಯಿ ಎಂದಿದ್ದರೆ? ಮೊದಲು ಕಳೆದು ಆಮೇಲೆ ತೆರಿಗೆ ಹಾಕಿದರೆ 3,990. ಮೊದಲು ತೆರಿಗೆ ಹಾಕಿ ಆಮೇಲೆ ಕಳೆದರೆ 4,000. ಆ ಹತ್ತು ರೂಪಾಯಿ 200ರ ಮೇಲಿನ ತೆರಿಗೆ. ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿಯನ್ನು ಕಳೆದ ಮೇಲಿನ ಮೊತ್ತಕ್ಕೆ ತೆರಿಗೆ ಎಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ, ಹಾಗಾಗಿ 3,990 ಸರಿ. ಸಂಯೋಜನೆಯ ಕ್ರಮವನ್ನು ಕಾನೂನಿನಲ್ಲಿ ಬರೆದಿಡಬೇಕಾಗಿ ಬಂದದ್ದು ನನಗೆ ಯಾವಾಗಲೂ ಮೋಜೆನಿಸುತ್ತದೆ.

ಈಗ ಉಲ್ಟಾ ಹೋಗೋಣ. ಕೈಯಲ್ಲಿರುವುದು 3,990ರ ಬಿಲ್ಲು, ಸೀರೆಯ ಚೀಟಿಯ ಬೆಲೆ ಎಷ್ಟಿತ್ತು? ಕೊನೆಯಲ್ಲಿ ಮಾಡಿದ್ದನ್ನು ಮೊದಲು ಬಿಚ್ಚಬೇಕು. ತೆರಿಗೆ ಕೊನೆಗೆ ಬಂತು, ಆದ್ದರಿಂದ ಮೊದಲು 1.05ರಿಂದ ಭಾಗಿಸು: 3,800. ಆಮೇಲೆ 200 ಕೂಡಿಸು: 4,000. ಕಳೆದದ್ದು ಕೂಡುವುದಾಗಿ, ಗುಣಿಸಿದ್ದು ಭಾಗಿಸುವುದಾಗಿ, ಕ್ರಮ ತಲೆಕೆಳಗಾಗಿ ಬರುತ್ತದೆ. 499ರ ಆರ್ಯಭಟೀಯದಲ್ಲಿ ಈ ವಿಲೋಮದ ವಿಧಿ ಒಂದೇ ಶ್ಲೋಕದಲ್ಲಿದೆ. 1150ರ ಲೀಲಾವತಿಯಲ್ಲೂ ಭಾಸ್ಕರ ಅದಕ್ಕೆ ಜಾಗ ಕೊಟ್ಟಿದ್ದಾನೆ. ಆ ಕಾಲಕ್ಕೆ ಅದು ಗೊತ್ತಿಲ್ಲದ ಸಂಖ್ಯೆಯನ್ನು ಹುಡುಕುವ ಚಮತ್ಕಾರ. ದ್ವಿತೀಯ ಪಿಯುಸಿಯ ಮೊದಲ ಪಾಠದಲ್ಲಿ ಅದೇ ವಿಲೋಮ ಫಂಕ್ಷನ್ ಎಂಬ ಹೊಸ ಅಂಗಿ ತೊಟ್ಟು ಬರುತ್ತದೆ.

ಎಲ್ಲ ಫಂಕ್ಷನ್‌ಗಳನ್ನೂ ಹೀಗೆ ಬಿಚ್ಚಲಾಗದು. ಗುಂಟೆಯಿಂದ ಚದರಡಿಗೆ ಹೋದವರು 1089ರಿಂದ ಭಾಗಿಸಿ ಮರಳಬಹುದು. 49 ಸೈಟಿನಿಂದ ಎಷ್ಟು ಎಕರೆಯಿತ್ತು ಎಂದು ಮರಳಲಾಗದು, ಪೂರ್ಣಾಂಕ ಮಾಡುವಾಗ ಸುದ್ದಿ ಕಳೆದುಹೋಗಿದೆ. ಎರಡು ಬೇರೆ ಬೇರೆ ಒಳಹರಿವಿಗೆ ಒಂದೇ ಉತ್ತರ ಬಂದರೆ ವಾಪಸು ದಾರಿ ಮುಚ್ಚಿತು. ಇದಕ್ಕೆ ನಮ್ಮಲ್ಲಿ ಮನೆಮನೆಗೂ ಬರುವ ಉದಾಹರಣೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಶೂನ್ಯ ಬಿಲ್ಲು.

2023ರ ಜುಲೈ ಬಳಕೆಯಿಂದ ಜಾರಿಯಾದಾಗ ಆ ಯೋಜನೆಯ ನಿಯಮ ಹೀಗಿತ್ತು: 2022–23ರಲ್ಲಿ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿದಷ್ಟು ಉಚಿತ. ಅದನ್ನು ದಾಟಿ 200ರೊಳಗಿದ್ದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿಗೆ ದುಡ್ಡು. ಸರಾಸರಿ 80 ಯೂನಿಟ್ಟಿನ ಮನೆಗೆ ಉಚಿತ ಮಿತಿ 88. ಆ ಮನೆ ಯಾ ಯೂನಿಟ್ ಬಳಸಿದರೆ ದುಡ್ಡು ಕೊಡಬೇಕಾದ ಯೂನಿಟ್ಟು: ಯಾ 88ರವರೆಗೆ ಇದ್ದರೆ ಸೊನ್ನೆ, 88ರಿಂದ 200ರವರೆಗೆ ಯಾ − 88, ಅದರಾಚೆ ಯಾ. ಮೂರು ತುಂಡಿನ ಫಂಕ್ಷನ್. ಪಕ್ಕದ ಮನೆಯ ಸರಾಸರಿ ಬೇರೆಯಾದ್ದರಿಂದ ಅವರ ಫಂಕ್ಷನ್ನೇ ಬೇರೆ. ಅವರು ಅಷ್ಟೇ ಸುಟ್ಟರೂ ಅವರಿಗೆ ಸೊನ್ನೆ, ನಮಗೆ ಯಾಕೆ ಬಿಲ್ಲು ಎಂಬ ಕಾಂಪೌಂಡಿನ ಜಗಳಕ್ಕೆ ಉತ್ತರ ಇಲ್ಲಿದೆ. ಬಿಲ್ಲು ಸೊನ್ನೆಯಾದರೆ ಹತ್ತು ಯೂನಿಟ್ ಸುಟ್ಟರೋ ಎಂಬತ್ತೆಂಟೋ ಮೊತ್ತದಿಂದ ಹೇಳಲಾಗದು. ವಿಲೋಮ ಇಲ್ಲ.

ಇದರ ಮೇಲೆ ದರದ ಫಂಕ್ಷನ್ ಕೂರುತ್ತದೆ, ಅದೂ ಸಂಯೋಜನೆಯೇ. 2024ರ ಏಪ್ರಿಲಿನಿಂದ ಗೃಹಬಳಕೆಗೆ ಯೂನಿಟ್ಟಿಗೆ ಒಂದೇ ದರ, ಆಗ 5.90 ರೂಪಾಯಿ, ಎಂದಾಯಿತು. ಆ ದರದಲ್ಲಿ ನಮ್ಮ 88ರ ಮನೆ 200 ಯೂನಿಟ್ ಬಳಸಿದರೆ 112 ಯೂನಿಟ್ಟಿಗೆ 660 ರೂಪಾಯಿ 80 ಪೈಸೆ. 201 ಬಳಸಿದರೆ 1,185 ರೂಪಾಯಿ 90 ಪೈಸೆ. ನಿಗದಿತ ಶುಲ್ಕ, ತೆರಿಗೆ ಬಿಟ್ಟು ಹೇಳುತ್ತಿದ್ದೇನೆ. ಕೊನೆಯ ಒಂದೇ ಒಂದು ಯೂನಿಟ್ಟಿನ ಬೆಲೆ 525 ರೂಪಾಯಿ. ಗ್ರಾಫ್ ಹಾಳೆಯ ಮೇಲೆ ಈ ಫಂಕ್ಷನ್ ಬರೆದರೆ 200ರ ಹತ್ತಿರ ಪೆನ್ನನ್ನು ಎತ್ತಲೇಬೇಕು. ಗೆರೆ ಅಲ್ಲಿ ಕಡಿದು ಮೇಲಕ್ಕೆ ನೆಗೆಯುತ್ತದೆ. ತಿಂಗಳ ಕೊನೆಯಲ್ಲಿ ಮೀಟರ್ ನೋಡಿ ಗೀಸರ್ ಆರಿಸುವ ಮನೆಯೊಡತಿಗೆ ಆ ನೆಗೆತ ಎಲ್ಲಿದೆಯೆಂದು ಗ್ರಾಫ್ ಇಲ್ಲದೆಯೂ ಗೊತ್ತು.

ಅದರ ಹಿಂದಿನ ವರ್ಷದ ದರದಲ್ಲಿ ಇನ್ನೊಂದು ನೆಗೆತ ಇತ್ತು. 2023ರ ಆದೇಶದಂತೆ ನೂರು ಯೂನಿಟ್ಟಿನವರೆಗೆ 4.75, ನೂರು ದಾಟಿದರೆ ಎಲ್ಲ ಯೂನಿಟ್ಟಿಗೂ 7 ರೂಪಾಯಿ. ನೂರಕ್ಕೆ 475, ನೂರಾಒಂದಕ್ಕೆ 707. ಆ ವರ್ಷ ಜೂನಿನಲ್ಲಿ ಬಿಲ್ಲು ಹಿಡಿದು ಜನ ಕೂಗಾಡಿದ್ದಕ್ಕೆ ಈ ನೆಗೆತವೂ ಒಂದು ಕಾರಣ. ಈ ಫಂಕ್ಷನ್ನಿಗೆ ವಿಚಿತ್ರವಾದ ಇನ್ನೊಂದು ಗುಣವಿದೆ. ಒಂದೇ ಉತ್ತರ ಎರಡು ಸಲ ಬರುವುದಿಲ್ಲ, ಆದ್ದರಿಂದ ಮೊತ್ತ ನೋಡಿ ಯೂನಿಟ್ ಹೇಳಬಹುದು: 380 ಬಂದರೆ 80 ಯೂನಿಟ್, 840 ಬಂದರೆ 120. ಆದರೆ 475ಕ್ಕೂ 707ಕ್ಕೂ ನಡುವಿನ ಯಾವ ಮೊತ್ತವೂ ಅದರಿಂದ ಹೊರಬರಲಾರದು. ಹೊರಬರಬಹುದಾದ ಉತ್ತರಗಳ ಗುಂಪಿಗೆ ರೇಂಜ್ ಎಂದು ಹೆಸರು, ಈ ರೇಂಜಿನ ನಟ್ಟನಡುವೆ 232 ರೂಪಾಯಿ ಅಗಲದ ಬಿರುಕು. ಪೂರ್ತಿ ಒಂದು ತಿಂಗಳ, ಸಬ್ಸಿಡಿಯಿಲ್ಲದ ಆ ಕಾಲದ ಬಿಲ್ಲಿನಲ್ಲಿ ವಿದ್ಯುತ್ ಬಳಕೆಯ ಶುಲ್ಕ 600 ರೂಪಾಯಿ ಎಂದಿದ್ದರೆ ಮೀಟರ್ ನೋಡಲು ಹೋಗಬೇಕಿಲ್ಲ. ಎಷ್ಟೇ ಯೂನಿಟ್ ಸುಟ್ಟಿರಲಿ, ಆ ಬಿಲ್ಲು ತಪ್ಪು.